ಅತ್ತರ ಶೀಸೆಯ ಬೂಚು

ಸೂಪರ್ ಮಾರ್ಕೆಟಿನ ಹಿಂದ, ಗಡಿಯಾರ ರಿಪೇರಿಯವನ ಮಗ್ಗಲಕ
ನಂದು ಮೂರು ಫೂಟಿನ ಜಾಗ.
ಚಪ್ಪಲಿ ಹೊಲಿತೀನಿ, ಚೀಲ ಹೊಲಿತೀನಿ,
ಚಳಿಗಾಲದಾಗ ಪ್ಯಾಡು, ಗ್ಲೌಸು.
ಬೋರ್ಡಿಲ್ಲ. ಮಾಪಣ್ಣ ಅಂದ್ರ ತೋರಸ್ತಾರ.

ಸಾಯಬಣ್ಣ ಬಂದ. ಆಟ ಆಡಿ ಪಗಾರ ತಗೊಳ್ಳೋ ಮನುಷ್ಯ,
ಅವನ ಬೂಟಿನ ರೊಕ್ಕ ನನ್ನ ಆರು ತಿಂಗಳ ಗಳಿಕಿ.
ಬಲಗೈ ಗ್ಲೌಸು ಮುಂದಿಟ್ಟು ಅಂದ:
'ಕೆಳಗಿನ ಕೈ ಭಾಳ ಬಿಗಿ ಹಿಡಿತದ, ಕಾಕಾ.
ಚೆಂಡು ನೆಟ್ಟಗ ಹೋಗಂಗಿಲ್ಲ, ಅಡ್ಡ ತಿರಗ್ತದ.
ಅಂಗೈಯಾಗ ಏನರ ಇಡು,
ಮುಷ್ಟಿ ಪೂರಾ ಮುಚ್ಚಬಾರದು.'

ರಬ್ಬರು ಇಟ್ಟು ನೋಡಿದೆ, ಜಾರ್ತು.
ಟೈರಿನ ತುಂಡು ಇಟ್ಟೆ, ಕೈ ಕಾದು ಕೆಂಡ.
ದರ್ಗಾದ ಹಾದ್ಯಾಗಿನ ಮಕ್ದೂಮ್ ಸಾಬ
ದೊಡ್ಡ ಶೀಸೆಯ ಬೂಚೊಂದು ಕೊಟ್ಟ,
ಇಪ್ಪತ್ತು ವರ್ಷ ಮಲ್ಲಿಗಿ ಕುಡದ ಬೂಚು.
ಅರ್ಧ ಕೊಯ್ದೆ, ಉಜ್ಜಿದೆ,
ತೊಗಲಿನ ಎರಡು ಪದರಿನ ನಡುವ ಮಲಗಿಸಿ
ಹದಿನಾಲ್ಕು ಹೊಲಿಗಿ.
ಹೊರಗಿಂದ ನೋಡಿದ್ರ ಏನೂ ಇಲ್ಲ.

ನೂರಾ ಹನ್ನೊಂದು ಹೊಡದ, ನೂತನ ವಿದ್ಯಾಲಯದ ಮೈದಾನದಾಗ.
ನಾ ನೋಡಿಲ್ಲ. ಮಂದಿ ಬಾಯಾಗ ಕೇಳೇನಿ.
ಹಿಡದಾಂವ ಸಿಮೆಂಟ್ ಕಂಪನಿ ತಂಡದ ಕೀಪರ, ಬೀದರಿನ ದೇವದಾನಪ್ಪ.
ಕಣ್ಣಿಂದಲ್ಲ, ಮೂಗಿನಿಂದ.
ತೊಂಬತ್ತು ದಾಟಿದ ಮ್ಯಾಲ ಬೆವರು ಜಾಸ್ತಿ ಆತು,
ಬೆವರಿನೊಳಗಿಂದ ಮಲ್ಲಿಗಿ ಎದ್ದು ಬಂತು.
'ಅಂಪೈರ್ ಸರ್, ಇವನ ಕೈಯಾಗ ಮದಿವಿಮನಿ ವಾಸನಿ!'

ಸಂಜಿಮುಂದ ಜಾಗೀರದಾರ ಸರ್ ನನ್ನಲ್ಲಿಗೇ ಬಂದ್ರು,
ಒಂದು ಕೈಯಾಗ ಗ್ಲೌಸು, ಇನ್ನೊಂದರಾಗ ನಿಯಮದ ಪುಸ್ತಕ.
ಕಿವಿಯೊಳಗಿನ ಮಶೀನು ತಿರುವಿ ಸರಿ ಮಾಡ್ಕೊಂಡು
'ನೀ ಹೊಲದದ್ದು?'
ಹೌದ್ರಿ.
'ಏನದ ಒಳಗ?'
ಬೂಚ್ ರಿ.
ಹೆಬ್ಬೆರಳಿನಿಂದ ಒತ್ತಿದ್ರು. ಮೂಸಿದ್ರು.
ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ್ರು.
ಪುಸ್ತಕದಾಗ ಬ್ಯಾಟಿನ ಅಗಲ ಇತ್ತಂತ, ದಪ್ಪ ಇತ್ತಂತ,
ಅಂಗೈ ಬಗ್ಗಿ ಒಂದು ಸಾಲೂ ಇಲ್ಲಂತ.
'ಬ್ಯಾಡ ಅಂತ ಬರದಿಲ್ಲ ಮಾಪಣ್ಣ. ಅಂದ್ರ ನಡೀತದ.'

ಎದಿ ಹಗುರಾತು.
ಬೂಚೇನು ರನ್ ಹೊಡಿಯಂಗಿಲ್ಲಲ್ಲ,
ನನ್ನ ಬೆರಳಿಗಿ ಅಂಗುಸ್ತಾನ ಇಲ್ಲೇನು,
ಹೊಲಿಯೋದು ಬೆರಳೋ ತಗಡೋ, ಯಾರರ ಕೇಳ್ಯಾರೇನು ಅಂತ
ಚಾ ಕುಡಿಯೋರ ಮುಂದೆಲ್ಲ ಹೇಳಿದ್ದೇ ಹೇಳಿದೆ.

ನಾಕು ದಿನಕ್ಕ ಭೀಮಶ್ಯಾ ಬಂದ, ಶಹಾಬಾದಿನ ಹುಡುಗ.
ಚಪ್ಪಲಿ ಬಾರು ಹರದಿತ್ತು.
ಮ್ಯಾಚ್ ಇಲ್ಲದ ದಿನ ಖಣಿಯಾಗ ಫರಸಿ ಎತ್ತತಾನ,
ಇದ್ದ ದಿನ ಅದೇ ಸಿಮೆಂಟ್ ತಂಡಕ್ಕ ಬೌಲಿಂಗ್.
ತೋರುಬೆರಳು ಸೀಳಿ ಬಾಯಿ ಬಿಟ್ಟಿತ್ತು.
ಅವತ್ತು ಅದಕ್ಕ ಬಿಳಿ ಪಟ್ಟಿ ಸುತ್ಗೊಂಡು ಇಳದಿದ್ದನಂತ;
ಮೊದಲನೇ ಚೆಂಡಿಗೂ ಮುಂಚೆ ಜಾಗೀರದಾರ ಸರ್ ತಡದು
'ಬೌಲರನ ಬೆರಳಿಗಿ ಏನೂ ಇರಬಾರದು, ಪುಸ್ತಕದಾಗ ಅದ' ಅಂತ
ಪಟ್ಟಿ ಬಿಚ್ಚಿಸಿ, ಮಡಚಿ, ತಮ್ಮ ಕಿಸೆದಾಗ ಇಟ್ಕೊಂಡ್ರಂತ.
ಹದಿನೆಂಟು ಓವರ್ ಒಗದ.
ಚೆಂಡು ಮೊದಲೇ ಕೆಂಪು,
ಯಾರಿಗೂ ಕಾಣಲಿಲ್ಲ.

ನಾ ಬಾರು ಹೊಲಿಕೋತ ತಲಿ ಎತ್ತಲಿಲ್ಲ.
'ಕಾಕಾ, ಬೂಚು ನೀನೇ ಹಾಕಿದಿ ಅಂತಾರ.'
ಹೌದಪ.
'ಛಲೋ ಹೊಲದಿ' ಅಂದ.
ಸಿಟ್ಟಿರಲಿಲ್ಲ ಮಾತಿನಾಗ.
ಇದ್ದಿದ್ರ ಲೆಕ್ಕ ಬರೋಬರಿ ಆಗ್ತಿತ್ತು.

ಅಂಗುಸ್ತಾನ ತಗದು ಅವನ ಬೆರಳಿಗಿ ಏರಿಸಿದೆ, ಯಾಕೋ.
ಅಳತಿ ತಗೊಂಡು ಮಾಡಿದಂಗ ಕೂತಿತು.
ತಿರುವಿ ತಿರುವಿ ನೋಡಿದ,
ಕೂತಲ್ಲೇ ಇಲ್ಲದ ಚೆಂಡೊಂದು ಮಣಿಕಟ್ಟಿನಿಂದ ಬಿಟ್ಟ,
ಗಡಿಯಾರದವನ ಗಾಜಿನ ಕಡಿಗಿ.
'ಇದು ನಡೀತದೇನು?'
ಇಲ್ಲ, ಅಂದೆ.
ತಗದು ಕೊಟ್ಟ. ಒಳಗ ಸ್ವಲ್ಪ ಹಸಿ.

ಬಾರಿಗಿ ರೊಕ್ಕ ತಗೊಳಲಿಲ್ಲ. ಹತ್ತು ರೂಪಾಯಿ, ಅದೇನು ದೊಡ್ಡದಲ್ಲ.

ಸಾಯಬಣ್ಣನ ಹೊಸ ಜೋಡಿ ಗೂಟಕ್ಕ ತೂಗಾಡ್ತದ,
ಉಳಿದರ್ಧ ಬೂಚು ಡಬ್ಬಿಯಾಗ.
ನಾಳಿ ಬರ್ತಾನ.
ಮುಚ್ಚಳ ತಗದ್ರ ಸಾಕು,
ಮೂರು ಫೂಟೂ ಮಲ್ಲಿಗಿ.